ಮೊದಲ ದಿನದ ಪ್ರಶ್ನೆ

ಅಧ್ಯಕ್ಷ ಸ್ಥಾನದಲ್ಲಿರುವ ಮಾನ್ಯ ಚಂದ್ರಮೌಳಿಯವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಕನ್ನಡ ಸಂಘದ ಬಂಧುಗಳೇ, ಸಭಿಕರೇ,

"ನಿವೃತ್ತಿಯ ಸಮಾರಂಭ, ನಾಲ್ಕು ಸಿಹಿ ಮಾತಾಡಿ ಮುಗಿಸಿಬಿಡಿ" ಎಂದು ಅಧ್ಯಕ್ಷರು ಹೇಳಿದ್ದಾರೆ. ಅವರು ಬ್ಯಾಂಕಿನವರು, ವಿಜಯವಾಡಕ್ಕೆ ವರ್ಗವಾಗಿ ಬಂದು ಎರಡೇ ವರ್ಷ. ನನ್ನನ್ನು ಬಲ್ಲವರು ಹಾಗೆ ಕೇಳುವುದಿಲ್ಲ.

ಇಪ್ಪತ್ತಾರು ವರ್ಷ ಇಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದೆ ಎಂದು ಸನ್ಮಾನಪತ್ರದಲ್ಲಿ ಬರೆದಿದ್ದೀರಿ. ತಪ್ಪು. ಹತ್ತೊಂಬತ್ತು ವರ್ಷ ಕಲಿಸಿದೆ. ಏಳು ವರ್ಷ ಲೈಬ್ರರಿಯಲ್ಲಿ ಕೂತು ಪುಸ್ತಕಗಳಿಗೆ ಮೊಹರು ಒತ್ತಿದೆ. ಯಾಕೆಂದು ನೀವು ಬರೆದಿಲ್ಲ. ನಾನು ಹೇಳುತ್ತೇನೆ.

ಬಿ.ಎ. ಮೊದಲ ವರ್ಷದ ಮೊದಲ ದಿನ ನಾನು ಯಾವ ತತ್ವಜ್ಞಾನಿಯ ಹೆಸರನ್ನೂ ಎತ್ತುತ್ತಿರಲಿಲ್ಲ. "ನೀವೇ ಪರೀಕ್ಷಿಸದೆ, ಬೇರೆಯವರು ಹೇಳಿದರೆಂದು ನಂಬಿರುವ ಒಂದು ಸಂಗತಿ ಬರೆಯಿರಿ" ಎನ್ನುತ್ತಿದ್ದೆ. ಭೂಮಿ ದುಂಡಗಿದೆ ಎಂದು ಬರೆಯುವವರೇ ಹೆಚ್ಚು. ಹಾಸ್ಟೆಲಿನ ಸಾಂಬಾರಿನಲ್ಲಿ ಬೇಳೆ ಇದೆ ಎಂದು ಒಬ್ಬಳು ಬರೆದಿದ್ದಳು! ಎಂಬತ್ತೇಳರಲ್ಲಿ ಕನಕದುರ್ಗ ಎಂಬ ಹುಡುಗಿ ಬರೆದಳು: "ನಾನು ಮದುವೆಗೆ ಒಪ್ಪಿದ್ದೇನೆ."

ತರಗತಿ ಮುಗಿದ ಮೇಲೆ ಕರೆದೆ. "ಪರೀಕ್ಷಿಸಿ ನೋಡಬಹುದಲ್ಲಮ್ಮಾ?"

"ಯಾರನ್ನ ಕೇಳಲಿ ಮೇಡಂ?"

"ನಿನ್ನನ್ನೇ."

ಕೇಳಿಕೊಂಡಳು. ಇಲ್ಲ ಎಂಬ ಉತ್ತರ ಬಂತು. ಮನೆಯಲ್ಲಿ ಹಾಗೆಯೇ ಹೇಳಿದಳು. ನಿಶ್ಚಿತಾರ್ಥ ನಿಂತುಹೋಯಿತು.

ಮರುದಿನ ಅವಳ ತಂದೆ ಕಾಮೇಶ್ವರ ಅವರು ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತಿದ್ದರು. "ಏಮಂಡೀ ಮೇಡಂ, ಪಾಠ ಹೇಳೋದು ಬಿಟ್ಟು ನಮ್ಮ ಮಾನ ಕಳೀತೀರಾ?" ಅವರ ಕಣ್ಣು ಒದ್ದೆಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಪ್ರಿನ್ಸಿಪಾಲರು ಟೈಪು ಮಾಡಿಸಿದ ಕ್ಷಮಾಪಣೆ ಪತ್ರವನ್ನು ನನ್ನ ಮುಂದಿಟ್ಟರು. "ಸಹಿ ಹಾಕಿಬಿಡಿ, ಮುಗಿದುಹೋಗುತ್ತೆ."

"ಯಾವ ತಪ್ಪಿಗೆ ಸಾರ್?"

ಅದನ್ನು ಟೈಪು ಮಾಡಿಸಿರಲಿಲ್ಲ. ನಾನು ಸಹಿ ಹಾಕಲಿಲ್ಲ. ಮರುವರ್ಷ ತತ್ವಶಾಸ್ತ್ರ ವಿಭಾಗವನ್ನೇ ಮುಚ್ಚಿ, ನನ್ನನ್ನು ಲೈಬ್ರರಿಗೆ ಕಳಿಸಿದರು.

ಕನಕದುರ್ಗ ಏನಾದಳು? ಪದವಿ ಮುಗಿಸಿದಳು. ಆಮೇಲೆ ಅದೇ ಹುಡುಗನನ್ನು ಮನೆಗೆ ಕರೆಸಿ, ಎದುರಿಗೆ ಕೂರಿಸಿ, ಒಂದು ಮಧ್ಯಾಹ್ನವಿಡೀ ಮಾತಾಡಿ, ಅವನನ್ನೇ ಮದುವೆಯಾದಳು. ಈಗ ವಿಶಾಖಪಟ್ಟಣದ ಗಾಜುವಾಕದಲ್ಲಿದ್ದಾಳೆ. "ಇದಕ್ಕಾಗಿ ಪಾಠ ಕಳಕೊಂಡಿರಾ?" ಎಂದು ಸಹೋದ್ಯೋಗಿಗಳು ನಕ್ಕರು. ಹೌದು, ಇದಕ್ಕಾಗಿಯೇ! ಹುಡುಗ ಅವನೇ ಇರಬಹುದು, ಮದುವೆಯೂ ಅದೇ ಆದೀತೇ? ಅವಳನ್ನು ಕೇಳದೆ ಮಾಡುವುದೂ ಅವಳು ಯೋಚಿಸಿ ಆಗುವುದೂ ಒಂದೇ ಎನ್ನುವವರಿಗೆ ನಾನೇನು ಕಲಿಸಲಿ?

ಐವತ್ತೆಂಟನೇ ಇಸವಿಯಲ್ಲಿ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಮ್ಮಣ್ಣ ಬೀಗರಿಗೆ "ಸುಮಿತ್ರಾ ಒಪ್ಯಾಳ್ರೀ" ಎಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನು ಒಪ್ಪಿದ್ದೇನೆಂದು ನನಗೂ ಆಗಲೇ ತಿಳಿದದ್ದು. ನಮ್ಮ ಯಜಮಾನರು ದುರ್ಗಾಪ್ರಸಾದ್ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಒಳ್ಳೆಯವರು. ಮೂವತ್ತೇಳು ವರ್ಷ ನನಗೆ ಏನೂ ಕಡಿಮೆ ಮಾಡಿಲ್ಲ. ಆದರೆ ಪ್ರಶ್ನೆ ಅದಲ್ಲ... ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಕೊನೆಯದಾಗಿ ಒಂದು ಪ್ರಕಟಣೆ. ಬರುವ ಸೋಮವಾರದಿಂದ ಪಟಮಟದ ನಮ್ಮ ಮನೆಯ ಮಹಡಿಯ ಮೇಲೆ, ಸಂಜೆ ಐದಕ್ಕೆ ತತ್ವಶಾಸ್ತ್ರದ ತರಗತಿ. ಕಾಲೇಜಿಗೆ ಹೊಸದಾಗಿ ಸೇರಿದ ಯಾರೇ ಆಗಲಿ ಬರಬಹುದು, ತೆಲುಗಿನಲ್ಲೂ ಕೇಳಬಹುದು, ಕನ್ನಡದಲ್ಲೂ ಕೇಳಬಹುದು. ಜಗಳಕ್ಕೆ ಬರುವ ತಂದೆಯರಿಗೂ ಚಾಪೆ ಹಾಸಿರುತ್ತೇನೆ. ಈ ವಿಷಯ ನಮ್ಮ ಯಜಮಾನರಿಗೂ ಈಗಲೇ ತಿಳಿಯುತ್ತಿದೆ.

ಶಾಲು ಹೊದಿಸಿದ್ದೀರಿ, ಇಷ್ಟೆಲ್ಲ ತಾಳ್ಮೆಯಿಂದ ಕೇಳಿದ್ದೀರಿ. ನಿಮಗೆಲ್ಲ ಧನ್ಯವಾದ, ನಮಸ್ಕಾರ.