ಅಕ್ಕನ ಮನೆಯ ಪೋರ್ಟು

ಇದು ನಮ್ಮ ಎದುರು ಮನೆಯಲ್ಲೇ ನಡೆದದ್ದು. ಕೇಳುವುದಾದರೆ ಮಧ್ಯೆ ನಗಬೇಡಿ.

ಆ ರಾತ್ರಿ ವೈರಮ್ಮ ಕೆಲಸ ಮುಗಿಸಿ ಹಳೇ ಬಾವಿಯ ಪಕ್ಕದ ದಾರಿ ಹಿಡಿದು ಮನೆಗೆ ಹೊರಟಿದ್ದಳು. ಹೊತ್ತಾಗಿತ್ತು. ನಾಯಿಗಳೂ ಮಲಗಿದ್ದವು. ವೈರಮ್ಮ ಅನ್ನುವುದು ಅವಳ ಹೆಸರಲ್ಲ. ಮನೆಮನೆಗೆ ಇಂಟರ್‌ನೆಟ್ ವೈರು ಎಳೆದು ರೌಟರ್ ಕೂರಿಸಿಕೊಡುವ ಕೆಲಸ ಅವಳದು. ಕಂಬ ಹತ್ತುವ ಹೆಂಗಸನ್ನು ಕಂಡು ಯಾರೋ ಗೇಲಿಗೆ ಹಾಗೆ ಕರೆದರು. ಅವಳು ಅದನ್ನೇ ತನ್ನ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಳು. ಅಂಥ ಜಾತಿಯ ಗಟ್ಟಿಗಿತ್ತಿ.

ಬಾವಿ ಇನ್ನೇನು ದಾಟಬೇಕು... ಆಗ ಕೇಳಿಸಿತು.

ಝೂಂ... ಟಕ್.

ನಿಂತಳು. ಕಪ್ಪೆ ಹಾರಿದ ಸದ್ದಲ್ಲ. ಹಗ್ಗ ಜಗ್ಗಿದ ಸದ್ದೂ ಅಲ್ಲ. ಗೋಡೆಗೆ ಹಾಕುವ ಕ್ಯಾಮೆರಾ ಕತ್ತು ತಿರುಗಿಸುವಾಗ ಒಳಗಿನ ಪುಟ್ಟ ಮೋಟಾರು ಹೀಗೇ ಕೂಗುತ್ತದೆ. ದಿನಾ ಕೇಳುವ ಸದ್ದು, ಅವಳಿಗೆ ತಪ್ಪುವುದುಂಟೆ?

ಝೂಂ... ಟಕ್.

ಬಾವಿಯ ತಳದಿಂದ.

ಅಷ್ಟರಲ್ಲಿ ಅವಳ ಫೋನು ನಡುಗಿತು. ಭಾವ. ಅವಳ ಅಕ್ಕ ಸತ್ತ ಮೇಲೆ ಒಂದು ಸಲವೂ ಫೋನು ಮಾಡದಿದ್ದ ಭಾವ. "ಈಗಲೇ ಬಾ. ಬ್ಯಾಗ್ ತಗೊಂಡು ಬಾ. ಯಾರಿಗೂ ಹೇಳಬೇಡ."

ಆ ಅಕ್ಕನ ವಿಷಯ ಹೇಳಿಬಿಡುತ್ತೇನೆ. ಭಾವನದು ಔಷಧಿ ಅಂಗಡಿ, ಮನೆ ನಮ್ಮ ಎದುರಿಗೇ. ಅಂಗಡಿಯಲ್ಲಿ ಕೂತೇ ಮನೆ ನೋಡಿಕೊಳ್ಳುತ್ತೇನೆ ಅಂತ ಕ್ಯಾಮೆರಾ ತಂದು ಹಾಕಿದ. ಕಳ್ಳರ ಭಯವಂತೆ. ಕಳ್ಳ ಬರುವುದು ಬಾಗಿಲಿಗೆ, ಕ್ಯಾಮೆರಾ ಹಾಕಿದ್ದು ಮಲಗುವ ಕೋಣೆಗೆ. ಒಂದು ದಿನ ತರಕಾರಿ ಅಂಗಡಿಯ ಮುಂದೆ ಒಬ್ಬ ಪಡ್ಡೆ ಹುಡುಗ ಅಕ್ಕನಿಗೆ ತನ್ನ ಫೋನು ತೋರಿಸಿದ. ಅದರಲ್ಲಿ ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಳು. ಬಟ್ಟೆ ಬದಲಿಸುತ್ತಿದ್ದಳು. ಆ ಕ್ಯಾಮೆರಾದ ವಿಳಾಸ ಬೀದಿಯ ಗಂಡಸರ ಕೈಯಿಂದ ಕೈಗೆ ತಿಂಗಳುಗಟ್ಟಲೆ ಓಡಾಡಿತ್ತು.

ಭಾವ ಎರಡೂ ಮನೆಯವರ ಮುಂದೆ ನಿಂತು, ಇವಳೇ ಯಾರಿಗೋ ತೋರಿಸಲು ಹೋಗಿ ಮಾಡಿಕೊಂಡ ಕೆಲಸ ಅಂದ. ಅತ್ತೆ ಉಗಿದಳು. ಹೆತ್ತ ಅಪ್ಪ ಮುಖ ತಿರುಗಿಸಿದ. ಅಕ್ಕ ಬಾಗಿಲು ಹಾಕಿಕೊಂಡವಳು ಊಟ ಬಿಟ್ಟಳು, ಮಾತು ಬಿಟ್ಟಳು, ಕೊರಗಿ ಕೊರಗಿ ಒಂದು ಬೆಳಗ್ಗೆ ಹೋಗಿಬಿಟ್ಟಳು. ವೈರಮ್ಮ ಅಳಲಿಲ್ಲ. ಹೆಣದ ಕಿವಿಯಲ್ಲಿ, ನಿನ್ನ ಹೆಸರು ತೊಳೆಯದೆ ಬಿಡುವುದಿಲ್ಲ ಅಂದಳಷ್ಟೆ. ಆದರೆ ಭಾವ ಅವಳನ್ನು ಆ ಮನೆಯ ಹೊಸ್ತಿಲು ದಾಟಿಸಲೇ ಇಲ್ಲ... ಆ ರಾತ್ರಿಯ ತನಕ.

ಹೋದಳು. ಬಾಗಿಲು ಒಂದು ಬೆರಳಷ್ಟು ತೆರೆಯಿತು. ಭಾವನ ಮುಖ ಸುಣ್ಣವಾಗಿತ್ತು. ತನ್ನ ಫೋನು ಮುಂದೆ ಹಿಡಿದ. ಅದರಲ್ಲಿ ಮಲಗುವ ಕೋಣೆ ಕಾಣುತ್ತಿತ್ತು, ಮೇಲಿನಿಂದ ನೋಡಿದ ಹಾಗೆ. ಅವನು ಕೋಣೆಗೆ ಕಾಲಿಟ್ಟ. ಚಿತ್ರದಲ್ಲೂ ಕಾಲಿಟ್ಟ. ಕೈ ಎತ್ತಿದ. ಅಲ್ಲೂ ಎತ್ತಿದ.

ವೈರಮ್ಮ ಗೋಡೆ ನೋಡಿದಳು. ಕ್ಯಾಮೆರಾ ಇರಲಿಲ್ಲ. ಬರೀ ಮೊಳೆಯ ತೂತು.

"ಕ್ಯಾಮೆರಾ ಎಲ್ಲಿ?"

"ಬಾವಿಗೆ ಎಸೆದೆ. ಅವಳು ಹೋದ ದಿನವೇ."

ದಾರಿಯಲ್ಲಿ ಕೇಳಿದ್ದನ್ನು ವೈರಮ್ಮ ಹೇಳಲಿಲ್ಲ. ಆ ಕೋಣೆಯ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆದು ರೌಟರಿಗೆ ಕೇಬಲ್ ಚುಚ್ಚಿದಳು. ಭಾವ ಪಕ್ಕದ ಕುರ್ಚಿ ಎಳೆದುಕೊಂಡ. ಪಾಸ್‌ವರ್ಡು ಡಬ್ಬದ ಜೊತೆ ಬಂದದ್ದೇ ಇತ್ತು. ಒಳಗೆ ಒಂದು ಪೋರ್ಟು ಬಾಯಿ ತೆರೆದು ಕೂತಿತ್ತು. ಹೊರಗಿನಿಂದ ಮನೆಯ ಕ್ಯಾಮೆರಾ ಕಾಣಬೇಕಾದರೆ ರೌಟರಿನಲ್ಲಿ ಹೀಗೊಂದು ಕಿಂಡಿ ತೆರೆಯಬಹುದು. ಯಾರನ್ನು ಬಿಡಬೇಕು ಅಂತ ಬರೆಯಲು ಅಲ್ಲೇ ಒಂದು ಜಾಗ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಲೋಕದವರೆಲ್ಲ ಒಳಗೆ.

ಖಾಲಿ ಇತ್ತು.

ಅಕ್ಕನಿಗೆ ಫೋನಿನ ಪಾಸ್‌ವರ್ಡ್ ಹಾಕಲೂ ಬರುತ್ತಿರಲಿಲ್ಲ. ವೈರಮ್ಮ ದನಿ ಏರಿಸದೆ, ಯಾರು ತೆರೆದದ್ದು ಅಂತ ಕೇಳಿದಳು. ಅವನು, ಮೊದಲು ಮುಚ್ಚು, ಆಮೇಲೆ ಎಲ್ಲ ಹೇಳುತ್ತೇನೆ ಅಂದ.

ಮುಚ್ಚಿದಳು. ಹೊರಗಿನಿಂದ ಯಾರೇ ಬಂದರೂ ತಡೆ ಅಂತ ರೌಟರಿನ ಕಾವಲಾದ ಫೈರ್‌ವಾಲಿಗೆ ಒಂದು ರೂಲು ಬರೆದು ಎಲ್ಲಕ್ಕಿಂತ ಮೇಲೆ ಇಟ್ಟಳು. ರೌಟರು ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಸಿಕ್ಕ ಮಾತನ್ನೇ ಕೇಳುತ್ತದೆ. ಸೇವ್ ಒತ್ತಿದಳು. ಭಾವನ ಫೋನಿನ ಚಿತ್ರ ಕಪ್ಪಾಯಿತು. ಅವನು ನಿರಾಳವಾಗಿ ಉಸಿರು ಬಿಟ್ಟ.

"ಈಗ ಯಾರಿಗೂ ಕಾಣಲ್ಲ ತಾನೆ?"

"ಇಲ್ಲ. ಹೇಳಿ ಭಾವ. ಇಲ್ಲ ಅಂದ್ರೆ ಹಾಕಿದ ಕೈಲೇ ತೆಗೀತೀನಿ." ಅವಳ ಬೆರಳು ಕೀಬೋರ್ಡಿನ ಮೇಲೇ ಇತ್ತು.

ಅವನು ಕಿಟಕಿ ನೋಡಿದ. ಬಾಗಿಲು ನೋಡಿದ. ಬಗ್ಗಿ ಪಿಸುಗುಟ್ಟಿದ.

"ನಾನೇ ಕಣೇ. ಅಂಗಡಿಯಿಂದ ಅವಳನ್ನ ನೋಡೋಕೆ. ಆ ಜಾಗದಲ್ಲಿ ಏನು ಬರೀಬೇಕು ತಿಳೀಲಿಲ್ಲ, ಬಿಟ್ಟೆ. ಮಾತ್ರೆಗೆ ಬಂದವನೊಬ್ಬ ತೋರಿಸಿ ನಕ್ಕಾಗ ಗೊತ್ತಾಯ್ತು... ಅವಳಿಗೇನೂ ಗೊತ್ತಿರಲಿಲ್ಲ. ನನ್ನ ಮಾನ ಹೋಗ್ತಿತ್ತು. ಅವಳ ಮೇಲೆ ಹಾಕಿದೆ."

"ಅವಳ ಮಾನ?"

"ಹೆಂಗಸು... ಎರಡು ದಿನ ಅತ್ತು ಸುಮ್ಮನಾಗ್ತಾಳೆ ಅಂದ್ಕೊಂಡೆ."

ಆಗ ಗೋಡೆಯ ಆ ಮೊಳೆತೂತಿನ ಹತ್ತಿರ...

ಝೂಂ... ಟಕ್.

ಅದರ ಹಿಂದೆಯೇ ಎಡಗಡೆ ಮನೆಯಿಂದ ಒಂದು ದನಿ. ಪಿಸುದನಿ, ಆದರೆ ದೊಡ್ಡದಾಗಿ. ನಾನೇ ಕಣೇ... ಅಂಗಡಿಯಿಂದ ಅವಳನ್ನ ನೋಡೋಕೆ... ಭಾವನದೇ ದನಿ. ಬಲಗಡೆ ಮನೆಯಿಂದಲೂ ಅದೇ. ಎದುರು ಮನೆಯಿಂದಲೂ ಅದೇ. ಬೀದಿಯ ಉದ್ದಕ್ಕೂ ಕಿಟಕಿ ಕಿಟಕಿಯಿಂದ, ಒಂದಾದ ಮೇಲೊಂದು. ದೀಪಗಳು ಹತ್ತಿದವು. ಹಿಂದೆ ಯಾರ್ಯಾರು ಕದ್ದು ಅಕ್ಕನನ್ನು ನೋಡಿದ್ದರೋ ಅವರ ಫೋನುಗಳಷ್ಟೇ ಬಾಯಿ ಬಿಟ್ಟಿದ್ದವು. ದಿಂಬಿನ ಕೆಳಗೆ, ಅಂಗಿಯ ಜೇಬಿನಲ್ಲಿ, ಹೆಂಡತಿಯ ಪಕ್ಕದಲ್ಲಿ.

"ಇದು ನಿಮ್ಮ ಫೋನಿಗೆ ಹೇಗೆ ಬಂತು?" ಯಾರದೋ ಮನೆಯಲ್ಲಿ ಒಬ್ಬ ಹೆಂಗಸು ತಣ್ಣಗೆ ಕೇಳಿದ್ದು ಬೀದಿಗೇ ಕೇಳಿಸಿತು.

ಪ್ಲಗ್ ಕೀಳು ಅಂತ ಭಾವ ಅವಳ ಕಾಲು ಹಿಡಿದ. ಕಿತ್ತಳು. ರೌಟರಿನ ದೀಪ ಆರಿತು. ದನಿ ಆರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವಳು ಬರೆದ ರೂಲು ಬರೆದ ಹಾಗೇ ಎಲ್ಲಕ್ಕಿಂತ ಮೇಲೆ ಇತ್ತು. ಅವಳು ಅವಸರ ಮಾಡದೆ ಕೇಬಲ್ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

"ಮುಚ್ಚಿದ್ದು ನಾನು ಭಾವ. ತೆರೆದದ್ದು ನಾನಲ್ಲ."

ಹೊರಟುಬಂದಳು. ಹಿಂದಿರುಗಿ ನೋಡಲಿಲ್ಲ.

ಗಂಡಸರು ಫೋನು ಆರಿಸಿದರು, ಕುಟ್ಟಿದರು, ನೀರಿನ ಬಕೆಟ್ಟಿಗೆ ಹಾಕಿದರು. ನೀರೊಳಗಿಂದಲೂ ಅದೇ ಮಾತು, ಬೆಳಕು ಹರಿಯುವ ತನಕ. ಬೆಳಗ್ಗೆ ಭಾವನ ಮನೆಗೆ ಬೀಗ. ಅವನು ಯಾವ ಊರಲ್ಲಿದ್ದಾನೋ ತಿಳಿಯದು. ಅತ್ತೆ ಜಗಲಿಯ ಮೇಲೆ ಕೂತು ಸೊಸೆಯ ಹೆಸರು ಹಿಡಿದು ಅತ್ತಳು. ಅಪ್ಪ ಮುಚ್ಚಿಟ್ಟಿದ್ದ ಮಗಳ ಫೋಟೋ ತೆಗೆದು ನಡುಮನೆಯ ಗೋಡೆಗೆ ಹಾಕಿದ. ತರಕಾರಿ ಅಂಗಡಿಯ ಮುಂದೆ ಈಗ ಅಕ್ಕನ ಹೆಸರು ಬಂದರೆ ಗಂಡಸರು ನೆಲ ನೋಡುತ್ತಾರೆ.

ಓದಿದವರು ಏನೇನೋ ಕಾರಣ ಹೇಳುತ್ತಾರೆ. ಹೇಳಲಿ. ಆದರೆ ಒಂದು ಮಾತು. ವೈರಮ್ಮ ಭಾವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವ ಹಾಗೆ ಕೂತಿದ್ದಳು. ಅವಳು ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ನಾನು ನಮ್ಮ ಕಿಟಕಿಯಿಂದ ನೋಡಿದ್ದೇನೆ. ನಮ್ಮ ಮನೆಯಲ್ಲೂ ಒಂದು ಫೋನು ಮಾತಾಡಿತು. ಯಾರದು ಅಂತ ಕೇಳಬೇಡಿ, ಆತ ಈಗ ಈ ಮನೆಯಲ್ಲಿಲ್ಲ. ಫೋನು ಕಸಿದುಕೊಂಡು ದನಿಯ ಜೊತೆ ಬರುತ್ತಿದ್ದ ಚಿತ್ರವನ್ನು ಕಣ್ಣಾರೆ ನೋಡಿದವಳು ನಾನು. ಬೀದಿಯ ಗಂಡಸರ ಕಣ್ಣಿಗೆ ಇನ್ನೊಬ್ಬ ಹೆಂಗಸು ಬೀಳಬಾರದು ಅನ್ನುವ ಹಾಗೆ, ಅದರಲ್ಲಿ ಭಾವನೊಬ್ಬನೇ ಇದ್ದ. ಬಗ್ಗಿ ಪಿಸುಗುಟ್ಟುತ್ತಿದ್ದ.

ಅವನ ಪಕ್ಕದ ಕುರ್ಚಿ ಖಾಲಿ ಇತ್ತು.