ವೇನಾ ಹೊಳೆಯಲ್ಲಿ ಮಿಂದುಕಳೆದವರು

…ಹೂಂ, ಮಿಂದುಕಳೆದೆ! ಎಷ್ಟು ಸಲ ಹೇಳ್ಲಿ, ಲೆಮ್ಮೆ? ಊರಿನ ಗಂಡಸರ ಜೊತೆ ವೇನಾ ಹೊಳೇಲಿ ನಿನ್ನ ಗಂಡ ವೀಸ್ತೊ ಮುಳುಗಿ ಎದ್ದು ಬಂದಿದ್ದಾನೆ. ಯಾಕೆ ನಗ್ತೀಯ? ಗಡ್ಡದಿಂದ ನೀರು ತೊಟ್ಟಿಕ್ತಿರೋದು ಕಾಣಲ್ವಾ?

ಏನು ಮಾತು ಹುಟ್ಟಿಸಿದ್ರೋ ಈ ಹಿರಿಯರು! ಮಿಂದುಕಳೆಯೋದಂತೆ! ನಿನ್ನೆ ತನಕ ಯಾರ ಬಾಯಲ್ಲೂ ಇರ್ಲಿಲ್ಲ. ಬೆಳಿಗ್ಗೆ ಪಾದ್ರಿಗಳ ದೋಣಿ ಹೊಳೆ ತಿರುವು ದಾಟಿದ್ದೇ ತಡ, ಊರೆಲ್ಲಾ ಅದೇ. ನೀನು ಮಿಂದುಕಳೆದ್ಯಾ, ನಿನ್ನಜ್ಜಿ ಮಿಂದುಕಳೆದ್ಲಾ… ಅರ್ಥ ಏನು ಮಹಾ? ಪಾದ್ರಿ ನಮ್ಮ ತಲೆ ಮೇಲೆ ಸುರಿದ ನೀರನ್ನ ಹೊಳೆಗೆ ಬಿಟ್ಟು, ಅವನ ದೋಣಿ ಹಿಂದೇನೇ ಅವನ ದೇಶಕ್ಕೆ ಸಾಗಹಾಕೋದು. ಅಷ್ಟೇ! ಕುದುರೆ ತೊಳೆಯೋದಕ್ಕೆ ಆ ಮಾತು ಆಡೋ ಹಾಗಿಲ್ಲ, ಬಟ್ಟೆ ಒಗೆಯೋದಕ್ಕೂ ಇಲ್ಲ. ಕ್ರೈಸ್ತರಾಗಿದ್ದೋರಿಗೆ ಮಾತ್ರ.

ಮದುವೆಗೂ ಇಲ್ಲ ಕಣೇ, ಮದುವೆಗೆ ಇಲ್ಲವೇ ಇಲ್ಲ! ನಿನ್ನಪ್ಪ ದಡದಲ್ಲಿ ನಿಂತು ಏನು ಕೂಗ್ದ ಗೊತ್ತಾ? ನೀರು ಹೋದ್ಮೇಲೆ ಪಾದ್ರಿ ಮಾಡಿದ ಮದುವೇನೂ ಹೋಯ್ತು, ಮಗಳನ್ನ ಕರ್ಕೊಂಡ್ ಹೋಗ್ತೀನಿ ಅಂತ! ಗಾಡಿ ಕಟ್ತಿದ್ದಾನೆ ಮಹರಾಯ. ತೆರ ಅಂತ ಒಂದು ಕುದುರೆನೂ ಕೊಡದೆ ನಾನು ಹೆಣ್ಣು ತಂದೆ ಅಂತ ಅವನಿಗೆ ಹೊಟ್ಟೆಯುರಿ. ಹೆಣ್ಣಿಗೆ ಕುದುರೆ ಕೇಳಬಾರ್ದು ಅಂದೋನು ಪಾದ್ರಿ, ನಾನಾ? …ಸರಿ, ಅದಕ್ಕೇ ನಾನು ಎಲ್ಲರಿಗಿಂತ ಮೊದ್ಲು ಓಡಿಹೋಗಿ ಪಾದ್ರಿ ನೀರಿಗೆ ತಲೆ ಬಗ್ಗಿಸಿದ್ದು. ನಗು, ನಗು.

ಮಿಂದುಕಳೆದ ಹೆಂಗಸು ಕಳೆಯದಿರೋನ ಜೊತೆ ಬಾಳೋ ಹಾಗಿಲ್ಲ ಅಂತ ಹಿರಿಯರು ಹೇಳಿದ್ರಲ್ಲ. ನೀನು ಬೆಳಿಗ್ಗೇನೇ ತಲೆಬಟ್ಟೆ ಕಟ್ಕೊಂಡು ಹೆಂಗಸರ ಹಿಂದೆ ಹೊಳೆಗೆ ಹೋದೆ. ಹಾಗಿದ್ಮೇಲೆ ನಾನು ಮುಳುಗದೆ ಇರ್ತೀನಾ?

ಯಾಕೆ ಹಾಗೆ ನೋಡ್ತಿದೀಯ? ಕಿವಿ? ಕಿವೀಲೇನಿದೆ… ಮಸಿ. ಊರೋರೆಲ್ಲ ಬೆವರಿ ಮೈ ತೊಳ್ಕೊಳ್ಳೋ ಹಬೆಮನೆ ಒಲೆ ಮಸಿ. ನೀರು ತಣ್ಣಗಿತ್ತು, ಬಿಡ್ಲಿಲ್ಲ. …ಕುತ್ತಿಗೇಲೂನಾ? …ಏನಾದ್ರೂ ಅನ್ನೇ! ಬೈಯೇ!

…ಸರಿ. ಗಡ್ಡ ಅದ್ದಿದೆ. ಗಡ್ಡ ಮಾತ್ರ. ಜೊಂಡಿನ ಮರೇಲಿ ಕುಕ್ಕರಗಾಲಲ್ಲಿ ಕೂತು, ಗಡ್ಡ ಅದ್ದಿ, ಎದ್ದು ಬಂದೆ. ನಿನ್ನಪ್ಪ ಹೇಳಿದ್ದೇ ನಿಜವಾಗಿದ್ರೆ? ಆ ನೀರಿನ ಜೊತೆ ನೀನೂ ಕೊಚ್ಕೊಂಡು ಹೋಗಿಬಿಟ್ರೆ? ಹೆದರಿಕೆ ಆಯ್ತು, ಲೆಮ್ಮೆ. ಬೇರೆ ಏನೂ ಅಲ್ಲ, ಹೆದರಿಕೆ.

ಈಗ ಹೋಗೋದಾದ್ರೆ ಹೋಗು. ನಾನು ತಡೆಯಲ್ಲ. …ತಡೀತೀನಿ. …ತಲೆಬಟ್ಟೆ ಯಾಕೆ ಬಿಚ್ತಿದೀಯ?

ಒಣಗಿದೆ! ಜಡೆ ಬುಡದವರೆಗೂ ಒಣಗಿದೆಯಲ್ಲೇ!

ಅಯ್ಯೋ ಕಳ್ಳಿ… ನೀನೂನಾ?

ಗಾಡಿ ಸದ್ದು. ಬಾ ಬಾ, ನಿನ್ನಪ್ಪಂಗೆ ಜಡೆ ತೋರ್ಸು, ಪಾದ್ರಿ ನೀರೂ ಹೋಗಿಲ್ಲ, ಮದುವೇನೂ ಹೋಗಿಲ್ಲ ಅನ್ನು. ಊರೋರು ಹಬೆಮನೆಗೆ ಸೇರಿಸದಿದ್ರೆ ಕತ್ತೆಬಾಲ, ಇಬ್ರೂ ಒಟ್ಟಿಗೆ ನಾರೋಣ.

…ತಡಿ ತಡಿ! ಹನಿ ಶುರುವಾಯ್ತು. ಮಳೆ ನೀರು ಲೆಕ್ಕಕ್ಕಿಲ್ಲ, ನಂಗೂ ಗೊತ್ತು ಕಣೇ. ಆದ್ರೂ ಯಾಕೆ ಬೇಕು ರಗಳೆ? ಜಡೆ ಮುಚ್ಕೋ!