ಚಿತ್ರ ನಿಲ್ಲಿಸಿದ ಕರೆ

ದೀಪ ಇರಲಿ, ಆರಿಸಬೇಡಿ. ನಿಜ್ವಾ ಊರಿನಲ್ಲಿ ನಮ್ಮ ಪಕ್ಕದ ಮನೆಯ ಝುವೈನಾಗೆ ನಡೆದದ್ದು ಇದು.

ಅವಳ ಕೆಲಸ ವಿಡಿಯೊ ಕರೆಯ ಆಪ್ ಕಟ್ಟುವುದು. ನೆಟ್‌ವರ್ಕ್‌ನಲ್ಲಿ ದಟ್ಟಣೆಯಾದರೆ ಏನು ಮಾಡಬೇಕೆಂದು ಆಪ್‌ಗೆ ಕಲಿಸುವವಳು ಅವಳೇ. ಮೊದಲು ಚಿತ್ರ ಬಿಡು, ದನಿ ಉಳಿಸು. ಅದೇ ದಾರಿಗೆ ಇನ್ನೊಬ್ಬರು ಬಂದರೆ ಸರಿದು ಜಾಗ ಕೊಡು.

ಆ ರಾತ್ರಿ ಖರ್ಜೂರದ ತೋಟದ ಪಾಳುಬಾವಿಯ ದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಗಂಡ ಮಸ್ಕತ್‌ನಲ್ಲಿ. ಮನೆಯಲ್ಲಿ ಕಿವಿ ಕೇಳದ ಅತ್ತೆ ಮಲಗಿದ್ದರು. ಏಳು ವರ್ಷದ ಮಗಳು ರಯ್ಯಾ ಕರೆಯಲ್ಲಿದ್ದಳು. ಫೋನಿನಲ್ಲಿ ಅಮ್ಮನ ಮುಖ ನೋಡಿಯೇ ಚಿಲಕ ತೆಗೆಯಬೇಕು... ಅದು ಆ ಮನೆಯ ಕಟ್ಟಪ್ಪಣೆ.

ಬಾವಿಯ ಹತ್ತಿರ ಚಿತ್ರ ಚೂರುಚೂರಾಯಿತು.

"ಅಮ್ಮಾ, ನಿನ್ ಆಪ್ ಮತ್ತೆ ಕುಂಟ್ತಿದೆ," ರಯ್ಯಾ ನಕ್ಕಳು.

"ಸಾಕು ಸುಮ್ನಿರೇ, ಅಧಿಕಪ್ರಸಂಗಿ."

ಮನೆಯ ಇಂಟರ್‌ನೆಟ್ ಲೈನಿನಲ್ಲಿ ಎಷ್ಟು ಜಾಗ ತುಂಬಿದೆ ಎಂಬ ಅಳತೆ ಝುವೈನಾಳ ಫೋನಿನಲ್ಲಿ ಕಾಣುತ್ತದೆ. ನೋಡಿದಳು. ಅರ್ಧ ಜಾಗ ಬೇರೆ ಯಾರೋ ಹಿಡಿದಿದ್ದರು. ಮನೆಯಲ್ಲಿದ್ದದ್ದು ಒಂದೇ ಫೋನು... ದನಿಯಾದರೂ ಉಳಿಯಲಿ ಎಂದು ತನ್ನ ಕ್ಯಾಮೆರಾ ಆರಿಸಿದಳು.

ಕಿರ್ರ್... ಹಿಂದೆ, ಬಾವಿಯ ರಾಟೆ. ಅದಕ್ಕೆ ಹಗ್ಗವಿಲ್ಲದೆ ಎಷ್ಟೋ ವರ್ಷವಾಗಿತ್ತು. ಅವಳು ತಿರುಗಿ ನೋಡಲಿಲ್ಲ.

"ಹಾಂ, ಈಗ ಚೆನ್ನಾಗಿ ಕಾಣ್ತಿದ್ದೀಯ," ಎಂದಳು ರಯ್ಯಾ.

ಝುವೈನಾ ನಿಂತುಬಿಟ್ಟಳು. "ಯಾರು... ಕಾಣ್ತಿರೋದು?"

"ನೀನೇ. ನಮ್ಮ ಬಾಗಿಲ ಹತ್ರ ನಿಂತಿದ್ದೀಯ. ತೆಗಿ ಅಂತ ಕೈ ಮಾಡ್ತಿದ್ದೀಯ."

ಕಿರ್ರ್... ಈ ಸಲ ಸದ್ದು ಫೋನಿನೊಳಗಿಂದ ಬಂತು.

"ತೆಗೀಬೇಡ ರಯ್ಯಾ. ಅದು ನಾನಲ್ಲ," ಪಿಸುಗುಟ್ಟಿದಳು.

ದನಿ ತಲುಪಲಿಲ್ಲ. ಆ ಕಡೆ ನೆಲದ ಮೇಲೆ ಸ್ಟೂಲು ಎಳೆದ ಸದ್ದು... ಮೇಲಿನ ಚಿಲಕ ಮಗುವಿಗೆ ಎಟುಕುವುದಿಲ್ಲ.

ತಾನು ಬಿಟ್ಟುಕೊಟ್ಟ ಜಾಗವನ್ನೆಲ್ಲ ಅದು ತುಂಬಿಕೊಂಡಿತ್ತು. ಝುವೈನಾ ಕ್ಯಾಮೆರಾ ಹಾಕಿದಳು. ಆಪ್‌ನಿಂದ ಜಾಗ ಕೊಡುವ ನಿಯಮ ಕಿತ್ತುಹಾಕಿದಳು. ಅದಕ್ಕೆ ಜಾಗ ಸಿಗದಂತೆ ಲೈನು ಕಟ್ಟಿಕೊಳ್ಳಲಿ ಎಂದು ಆದಷ್ಟು ದೊಡ್ಡ ಚಿತ್ರ ನೂಕುತ್ತಾ ಓಡಿದಳು.

"ಅಮ್ಮಾ... ಇಬ್ಬರು ಕಾಣ್ತಿದ್ದೀರ..." ಕರೆ ಕಡಿಯಿತು.

ಮನೆಯ ಮುಂದೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿಯೇ ಇತ್ತು. ತಟ್ಟಿದಳು.

ಒಳಗಿನಿಂದ ಸಣ್ಣ ಅಳು. "ಯಾವ ಅಮ್ಮ ನೀನು?"

"ನಾನೇ ಕಣೇ... ಅಧಿಕಪ್ರಸಂಗಿ."

ಒಳಗೆ ಸ್ಟೂಲು ಹತ್ತಿದ ಸದ್ದು. ಆಮೇಲೆ, ಠಕ್... ಚಿಲಕ ಸರಿಯಿತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಮನೆಗೆ ಆಮೇಲೆ ಹೊಸ ತಂತಿ ಎಳೆಸಿದರು. ಫೋನು ಈಗಲೂ ಒಂದೇ. ಕತ್ತಲಾದ ಮೇಲೆ ಆ ಲೈನಿನಲ್ಲಿ ಅರ್ಧ ಜಾಗವನ್ನು ಇವತ್ತಿಗೂ ಯಾರೋ ಹಿಡಿದಿರುತ್ತಾರೆ. ಅಳತೆ ನಾನೇ ಕಣ್ಣಾರೆ ನೋಡಿದ್ದೇನೆ.